ಕಬ್ಬಿನ ಲಾರಿಯ ಅಚ್ಚಿನ ಲೆಕ್ಕ

2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಲಾರಿಗಳ ಅಚ್ಚಿನ ಭಾರದ ಮಿತಿಯನ್ನು ಏರಿಸಿತು. ಮುಂದಿನ ಅಚ್ಚಿಗೆ 6 ಟನ್ ಇದ್ದದ್ದು 7 ಟನ್ ಆಯಿತು, ಹಿಂದಿನ ಜೋಡಿ ಅಚ್ಚಿಗೆ 19 ಇದ್ದದ್ದು 21 ಆಯಿತು. ಹತ್ತು ಗಾಲಿಯ ಲಾರಿಗೆ ಎರಡನ್ನೂ ಕೂಡಿಸಿದರೆ 25 ಟನ್‌ನಿಂದ 28 ಟನ್, ಅಂದರೆ 12% ಏರಿಕೆ. ಖಾಲಿ ಲಾರಿ 9 ಟನ್ ತೂಗುತ್ತದೆ ಎಂದು ಹಿಡಿದರೆ ಹೇರಬಹುದಾದ ಕಬ್ಬು 16 ಟನ್‌ನಿಂದ 19 ಟನ್‌ಗೆ, ಸುಮಾರು 19% ಹೆಚ್ಚಿತು.

ಈ ಏರಿಕೆಯನ್ನು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲಿಟ್ಟು ನೋಡಬಹುದು. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಕಬ್ಬೆಲ್ಲ ಲಾರಿಯಲ್ಲೇ ಬಂದರೆ ಹಳೆಯ ಮಿತಿಯಲ್ಲಿ 313 ಟ್ರಿಪ್ ಬೇಕಿತ್ತು, ಹೊಸ ಮಿತಿಯಲ್ಲಿ 264 ಸಾಕು. ಬೈಲಹೊಂಗಲದ ಸೋಮೇಶ್ವರ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ರಾಮದುರ್ಗ ತಾಲ್ಲೂಕಿನ ಖಾನಪೇಟೆಯ ಕಾರ್ಖಾನೆ, ಯಾವುದಕ್ಕಾದರೂ ಲೆಕ್ಕದ ಕ್ರಮ ಇದೇ. ಜೋಡಿ ಟ್ರೇಲರ್ ಎಳೆಯುವ ಟ್ರಾಕ್ಟರ್‌ಗಳ ಪಾಲು ಇಲ್ಲಿ ಸಣ್ಣದಲ್ಲವಾದ್ದರಿಂದ ಲಾರಿ ಟ್ರಿಪ್ಪಿನ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ 16% ಇಳಿಕೆಯ ಪ್ರಮಾಣ ಬದಲಾಗುವುದಿಲ್ಲ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದಕ್ಕೂ ಅಂಕಿ ಇದೆ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) 10.25% ಇಳುವರಿಗೆ ಟನ್‌ಗೆ 3,550 ರೂಪಾಯಿ. ಹೆಚ್ಚುವರಿ 3 ಟನ್ ಕಬ್ಬಿನ ಬೆಲೆ 10,650 ರೂಪಾಯಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅದೇ 3 ಟನ್‌ಗೆ ದಂಡ 20,000 ರೂಪಾಯಿ, ಜೊತೆಗೆ ಟನ್‌ಗೆ 2,000ದಂತೆ 6,000, ಒಟ್ಟು 26,000. ಕಬ್ಬಿನ ಬೆಲೆ ರೈತನದು, ದಂಡ ಲಾರಿ ಮಾಲೀಕನದು ಎಂಬುದು ಬೇರೆ ಮಾತು.

ಟ್ರಿಪ್ ಕಡಿಮೆಯಾದರೆ ಲಾರಿ ಕಡಿಮೆ ಸಾಕು. ದೇಶದಲ್ಲಿ ಮಧ್ಯಮ ಮತ್ತು ಭಾರಿ ವಾಣಿಜ್ಯ ವಾಹನಗಳ ಮಾರಾಟ 2018-19ರಲ್ಲಿ ಸುಮಾರು 3.91 ಲಕ್ಷ ಇದ್ದದ್ದು 2019-20ರಲ್ಲಿ 2.25 ಲಕ್ಷಕ್ಕೆ, ಅಂದರೆ 42% ಕುಸಿಯಿತು. ಹೊಸ ಮಿತಿಯೊಂದೇ ಇದಕ್ಕೆ ಕಾರಣವಲ್ಲ. 2018ರ ಸೆಪ್ಟೆಂಬರ್ ನಂತರ ಹಣಕಾಸು ಕಂಪನಿಗಳ ಸಾಲ ಬಿಗಿಯಾಗಿತ್ತು, 2020ರ ಏಪ್ರಿಲ್‌ನಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಯಾಗುವುದಿತ್ತು.

ಈ ಕುಸಿತ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಲಾರಿ ಕಂಪನಿಗಳ ಲೆಕ್ಕಪತ್ರದಲ್ಲಲ್ಲ, ಮೈಸೂರಿನ ಹೂಟಗಳ್ಳಿಯಲ್ಲಿ. ಅಲ್ಲಿನ ಆಟೊಮೋಟಿವ್ ಆಕ್ಸಲ್ಸ್ ಲಿಮಿಟೆಡ್ 1981ರಲ್ಲಿ ಸ್ಥಾಪನೆಯಾದ ಕಂಪನಿ. ಅದರ ಅತಿ ದೊಡ್ಡ ಗ್ರಾಹಕ ಅಶೋಕ್ ಲೇಲ್ಯಾಂಡ್. ಟಾಟಾ ಮೋಟಾರ್ಸ್ ಮತ್ತು ವೋಲ್ವೊ-ಐಷರ್ ಕೂಡ ಗ್ರಾಹಕರು. ಶೋರೂಮಿನಲ್ಲಿ ಪೈಪೋಟಿ ಮಾಡುವವರು ಒಂದೇ ಬಾಗಿಲಲ್ಲಿ ಅಚ್ಚು ಕೊಳ್ಳುತ್ತಾರೆ. 2018-19ರಲ್ಲಿ ಸುಮಾರು 1,939 ಕೋಟಿ ರೂಪಾಯಿ ಇದ್ದ ಅದರ ವಹಿವಾಟು ಮರುವರ್ಷ 948 ಕೋಟಿಗೆ ಇಳಿಯಿತು. ಲಾರಿ ಮಾರುಕಟ್ಟೆ 42% ಇಳಿದಾಗ ಅಚ್ಚಿನ ಕಂಪನಿ 51% ಇಳಿಯಿತು. ಒಬ್ಬ ಗ್ರಾಹಕನ ನಷ್ಟವನ್ನು ಇನ್ನೊಬ್ಬನ ಆರ್ಡರ್ ತುಂಬಿಕೊಡುತ್ತದೆ ಎಂಬ ನಿರೀಕ್ಷೆ ಫಲಿಸಲಿಲ್ಲ. ಎಲ್ಲರ ಆರ್ಡರ್ ಒಟ್ಟಿಗೇ ಕಡಿತವಾಯಿತು.

ಏರಿಕೆಯೂ ಹಾಗೆಯೇ ಬಂತು. 2020-21ರಲ್ಲಿ 904 ಕೋಟಿಗೆ ಇಳಿದಿದ್ದ ವಹಿವಾಟು 2021-22ರಲ್ಲಿ 1,491 ಕೋಟಿ, 2022-23ರಲ್ಲಿ 2,324 ಕೋಟಿ. ಕೊನೆಯ ವರ್ಷವನ್ನು 2018-19ರ ಜೊತೆ ಹೋಲಿಸುವುದು ಉಪಯುಕ್ತ. ದೇಶದ ಲಾರಿ-ಬಸ್ ಮಾರಾಟ 3.91 ಲಕ್ಷದಿಂದ 3.59 ಲಕ್ಷಕ್ಕೆ, 8% ಕಡಿಮೆ. ಮೈಸೂರಿನ ವಹಿವಾಟು ಮಾತ್ರ 20% ಹೆಚ್ಚು. ದೇಶದಲ್ಲಿ ಮಾರಾಟವಾದ ಪ್ರತಿ ವಾಹನಕ್ಕೆ ಭಾಗಿಸಿದರೆ ಸುಮಾರು 49,600 ರೂಪಾಯಿಯಿಂದ 64,700ಕ್ಕೆ, 30% ಏರಿಕೆ. ಇದು ಅಚ್ಚಿನ ಬೆಲೆಯಲ್ಲ, ದಿಕ್ಕು ತೋರಿಸುವ ಸೂಚ್ಯಂಕ ಅಷ್ಟೇ. ಆ ಅವಧಿಯಲ್ಲಿ ಉಕ್ಕಿನ ದರ ಏರಿತ್ತು; ಹೆಚ್ಚು ಅಚ್ಚಿನ ದೊಡ್ಡ ಲಾರಿಗಳತ್ತ ಮಾರುಕಟ್ಟೆ ವಾಲಿತ್ತು. ಆಮೇಲಿನ ಎರಡು ವರ್ಷ ವಹಿವಾಟು 2,229 ಕೋಟಿ, 2,090 ಕೋಟಿ. ಕ್ರಮವಾಗಿ 4% ಮತ್ತು 6% ಇಳಿಕೆ.

ಮಾಲೀಕತ್ವ ಇನ್ನೂ ಬಿಗಿಯಾದ ಗಂಟು. ಕಂಪನಿಯ 35.52% ಕಲ್ಯಾಣಿ ಸಮೂಹದ ಬಿಎಫ್ ಇನ್ವೆಸ್ಟ್‌ಮೆಂಟ್ ಬಳಿ, ಅಷ್ಟೇ ಪಾಲು ಅಮೆರಿಕದ ಮೆರಿಟರ್ ಬಳಿ. 2022ರ ಆಗಸ್ಟ್‌ನಲ್ಲಿ ಎಂಜಿನ್ ತಯಾರಕ ಕಮಿನ್ಸ್ ಸಾಲವೂ ಸೇರಿ ಸುಮಾರು 370 ಕೋಟಿ ಡಾಲರ್ ತೆತ್ತು ಮೆರಿಟರನ್ನು ಕೊಂಡಿತು. ಟಾಟಾ ಲಾರಿಗಳಿಗೆ ಎಂಜಿನ್ ಕೊಡುವ ಟಾಟಾ ಕಮಿನ್ಸ್‌ನ ಪಾಲುದಾರ, ಅಶೋಕ್ ಲೇಲ್ಯಾಂಡ್‌ಗೆ ಅಚ್ಚು ಕೊಡುವ ಕಂಪನಿಯಲ್ಲೂ ಪಾಲುದಾರನಾದ. 2024ರ ಅಕ್ಟೋಬರ್‌ನಲ್ಲಿ ಅದೇ ಕಲ್ಯಾಣಿ ಸಮೂಹದ ಭಾರತ್ ಫೋರ್ಜ್, ಅಮೆರಿಕನ್ ಆಕ್ಸಲ್‌ನ ಭಾರತದ ವಾಣಿಜ್ಯ ವಾಹನ ಅಚ್ಚಿನ ವ್ಯವಹಾರವನ್ನು 544.53 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು.

ಪೈಪೋಟಿಯವರು ಒಂದೇ ಬಾಗಿಲಲ್ಲಿ ಅಚ್ಚು ಕೊಳ್ಳುವುದು ಅಮೆರಿಕದಲ್ಲೂ ಉಂಟು. ಈ ಅಮೆರಿಕನ್ ಆಕ್ಸಲ್ 1994ರಲ್ಲಿ ಜನರಲ್ ಮೋಟಾರ್ಸ್‌ನ ಘಟಕಗಳನ್ನು ಕೊಂಡು ಶುರುವಾದದ್ದು. 2001ರ ಮಾದರಿಯಿಂದ ಜನರಲ್ ಮೋಟಾರ್ಸ್‌ನ ಭಾರಿ ಪಿಕಪ್‌ಗಳಿಗೂ 2003ರಿಂದ ಎದುರಾಳಿ ಪಿಕಪ್ ರ‍್ಯಾಮ್‌ಗೂ 11.5 ಇಂಚಿನ ಹಿಂದಿನ ಅಚ್ಚು ಅಲ್ಲಿಂದಲೇ ಹೋಯಿತು. ಫೋರ್ಡ್ ಮಾತ್ರ ಡಾನಾ ಕಂಪನಿಯ ಮತ್ತು ತನ್ನದೇ ಅಚ್ಚುಗಳಲ್ಲಿ ಉಳಿಯಿತು.

ಬೈಲಹೊಂಗಲದ ಲಾರಿ ಮಾಲೀಕನಿಗೆ ಈ ಒಂದೇ ಬಾಗಿಲಿನ ಖರೀದಿಯಿಂದ ಸಿಗುವುದೇನು? ಒಂದೇ ಕಾರ್ಖಾನೆಯ ಅಚ್ಚಾದರೂ ಎರಡು ಬ್ರ್ಯಾಂಡಿನ ಲಾರಿಗಳ ನಡುವೆ ಭಾಗಗಳು ಸುಲಭವಾಗಿ ಅದಲುಬದಲಾಗುವುದಿಲ್ಲ. ಗ್ಯಾರೇಜಿನಲ್ಲಿ ಹೌಸಿಂಗ್ ಬಿಚ್ಚಿದಾಗ ಮೊದಲು ಎಣಿಸುವುದು ಹಲ್ಲು. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 7 ಇದ್ದರೆ ಅನುಪಾತ 5.86, ಪಿನಿಯನ್ 6 ಹಲ್ಲಿನದಾದರೆ 6.83. ಜೋಡಿ ಅಚ್ಚಿನಲ್ಲಿ ಒಂದಕ್ಕೊಂದು ಅನುಪಾತ ತಪ್ಪಿದರೆ ಟೈರು, ಜಾಯಿಂಟು ಎರಡೂ ಹೋಗುತ್ತವೆ. ಅದು ಹೊಂದಿದರೂ ಪಾಟಾ ಕೂರುವ ಜಾಗ, ಬ್ರೇಕಿನ ಅಳತೆ ಹೊಂದಬೇಕು. ಒಟ್ಟಾಗಿ ಕೊಳ್ಳುವುದರ ಉಳಿತಾಯ ಲಾರಿ ತಯಾರಕರ ಲೆಕ್ಕಕ್ಕೆ ಸೇರುತ್ತದೆ. ಬಿಡಿಭಾಗ ಮಾತ್ರ ಬ್ರ್ಯಾಂಡಿನ ಡಬ್ಬಿಯಲ್ಲಿ, ಬ್ರ್ಯಾಂಡಿನ ದರದಲ್ಲಿ ಬರುತ್ತದೆ.

ಇತ್ತೀಚೆಗೆ ಕೌಂಟರಿನಲ್ಲಿ ಇಳಿದದ್ದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಲಾರಿ ಬಿಡಿಭಾಗಗಳ ಜಿಎಸ್‌ಟಿ 28%ನಿಂದ 18%ಗೆ ಬಂತು. ತೆರಿಗೆ ಬಿಟ್ಟು 20,000 ರೂಪಾಯಿಯ ಭಾಗ 25,600ರಿಂದ 23,600 ಆಯಿತು, ಇಳಿಕೆ 7.8%. ಟ್ರಾಕ್ಟರ್‌ನ ನಿಗದಿತ ಭಾಗಗಳಿಗೆ ದರ 18%ನಿಂದ 5%ಗೆ ಇಳಿದದ್ದರಿಂದ ಅಷ್ಟೇ ಬೆಲೆಯ ಭಾಗ 23,600ರಿಂದ 21,000 ಆಯಿತು, ಇಳಿಕೆ 11%. ಟ್ರಾಕ್ಟರ್ ಇಟ್ಟುಕೊಂಡವನಿಗೆ ಲಾರಿಯವನಿಗಿಂತ ಇಂಥ ಒಂದು ಬಿಲ್ಲಿನಲ್ಲಿ 2,600 ರೂಪಾಯಿ ಕಡಿಮೆ.