ಬೆಲ್ಲ, ಖಾರ ಸವರಿದ ಬೇಕನ್

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಬೈವಾಟರ್ ಬಡಾವಣೆಯಲ್ಲಿ ಎಲಿಜಬೆತ್ಸ್ ಎಂಬ ಹೋಟೆಲಿದೆ. ಅದರ ಹೆಸರು ದೂರದೂರಿಗೆ ಹಬ್ಬಿದ್ದು ಪ್ರಲೀನ್ ಬೇಕನ್‌ನಿಂದ. ಹಂದಿಮಾಂಸದ ಪಟ್ಟಿಗಳಿಗೆ ಕಂದು ಸಕ್ಕರೆ, ಪೆಕಾನ್ ಬೀಜದ ತರಿ ಹಚ್ಚಿ ಓವನ್‌ನಲ್ಲಿ ಗರಿಗರಿಯಾಗಿಸಿದ ತಿನಿಸು ಅದು. ಸ್ಯಾನ್ ಫ್ರಾನ್ಸಿಸ್ಕೋದ ಸ್ವೀಟ್ ಮೇಪಲ್ ಹೋಟೆಲಿನಲ್ಲಿ ಖಾರ, ಕರಿಮೆಣಸು ಬೆರೆತ ದಪ್ಪ ಪಟ್ಟಿ ಸಿಗುತ್ತದೆ. ಅಲ್ಲಿ ಅದು ಮಿಲಿಯನೇರ್ಸ್ ಬೇಕನ್. ದಕ್ಷಿಣದ ರಾಜ್ಯಗಳ ಮನೆಗಳಲ್ಲಿ ಇದನ್ನೇ ಪಿಗ್ ಕ್ಯಾಂಡಿ ಎನ್ನುತ್ತಾರೆ.

ಉಪ್ಪು, ಸಿಹಿ, ಖಾರ, ಹೊಗೆಯ ಘಮ ನಾಲ್ಕೂ ಒಂದೇ ಕಡಿತದಲ್ಲಿ ಸಿಗುವ ತಿನಿಸು ಹೆಚ್ಚಿಲ್ಲ. ಮಾಡಲು ಮುಕ್ಕಾಲು ಗಂಟೆ ಸಾಕು. ಪಂದಿ ಕರಿ ಬೇಯುವ ಕೊಡಗಿನ ಮನೆಗಳಿಗೂ ಪೋರ್ಕ್ ಬಫಾತ್ ಬಲ್ಲ ಮಂಗಳೂರಿನ ಕ್ರೈಸ್ತ ಮನೆಗಳಿಗೂ ಇದರ ರುಚಿ ಹೊಸದಿರಬಹುದು, ಸಾಮಾನು ಮಾತ್ರ ಪರಿಚಿತವೇ. ಆದರೆ ಸಿಹಿ, ಖಾರ ಎರಡೂ ಮೇಲಿನ ಅಲಂಕಾರ. ಈ ತಿನಿಸು ನಿಂತಿರುವುದು ಮಾಂಸಕ್ಕೆ ಉಪ್ಪು ಹಿಡಿಸಿದ ಬಗೆಯ ಮೇಲೆ, ಹದವಾದ ಬಿಸಿಯ ಮೇಲೆ.

ಅಮೆರಿಕದಲ್ಲಿ ಬೇಕನ್ ಎಂದರೆ ಹಂದಿಯ ಹೊಟ್ಟೆಭಾಗ. ಒಂದು ಪದರ ಮಾಂಸ, ಒಂದು ಪದರ ಕೊಬ್ಬು. ಇಂಗ್ಲೆಂಡಿನವರಿಗೆ ಬೆನ್ನಿನ ಮಾಂಸದ ಬೇಕನ್ ಹೆಚ್ಚು ಇಷ್ಟ. ಅದರಲ್ಲಿ ಕೊಬ್ಬು ಕಡಿಮೆ, ಈ ಕೆಲಸಕ್ಕೆ ಒದಗದು. ಬೇಕನ್ ಅಮೆರಿಕನ್ನರ ಬೆಳಗಿನ ತಟ್ಟೆಯಲ್ಲಿ ಇಷ್ಟು ಭದ್ರವಾಗಿ ಕೂರಲು ಪ್ರಚಾರದ ಪಾಲೂ ದೊಡ್ಡದು. 1924ರಲ್ಲಿ ಆಸ್ಕರ್ ಮೇಯರ್ ಕಂಪನಿ ಕತ್ತರಿಸಿದ ಬೇಕನ್ ಪೊಟ್ಟಣಗಳನ್ನು ಮಾರುಕಟ್ಟೆಗೆ ತಂದಿತು. ಅದೇ ದಶಕದಲ್ಲಿ ಬೀಚ್‌ನಟ್ ಕಂಪನಿಯ ಪರವಾಗಿ ಎಡ್ವರ್ಡ್ ಬರ್ನೇಸ್ ಸಾವಿರಾರು ವೈದ್ಯರ ಅಭಿಪ್ರಾಯ ಕೇಳಿಸಿ, ಬೆಳಗ್ಗೆ ಹೊಟ್ಟೆತುಂಬ ತಿನ್ನುವುದೇ ಒಳ್ಳೆಯದೆಂದು ಪತ್ರಿಕೆಗಳಲ್ಲಿ ಸುದ್ದಿಯಾಗುವಂತೆ ಮಾಡಿದ. ಮನೋವಿಜ್ಞಾನಿ ಫ್ರಾಯ್ಡ್‌ನ ಸೋದರಳಿಯ ಈತ. ಮೊಟ್ಟೆಯ ಜೊತೆ ಬೇಕನ್ ಆಮೇಲೆ ರೂಢಿಯೇ ಆಗಿಹೋಯಿತು.

ಬೇಕನ್ ಅನ್ನು ಮನೆಯಲ್ಲೇ ಹದ ಮಾಡುವವರೂ ಇದ್ದಾರೆ. ಒಂದು ಕಿಲೋ ಹೊಟ್ಟೆಭಾಗದ ಮಾಂಸಕ್ಕೆ ಸುಮಾರು 25 ಗ್ರಾಂ ಉಪ್ಪು, 10ರಿಂದ 15 ಗ್ರಾಂ ಸಕ್ಕರೆ, ಜೊತೆಗೆ 2.5 ಗ್ರಾಂ ಕ್ಯೂರಿಂಗ್ ಸಾಲ್ಟ್ ನಂಬರ್ 1. ಈ ಕೊನೆಯದರಲ್ಲಿ ಶೇಕಡ 6.25 ಸೋಡಿಯಂ ನೈಟ್ರೈಟ್, ಉಳಿದದ್ದು ಉಪ್ಪು. ಅಡುಗೆ ಉಪ್ಪೆಂದು ತಪ್ಪಿ ಬಳಸದಿರಲೆಂದೇ ಅದಕ್ಕೆ ಗುಲಾಬಿ ಬಣ್ಣ ಕೊಟ್ಟಿರುತ್ತಾರೆ. ಪ್ರಾಣಕ್ಕೆ ಕುತ್ತು ತರುವ ಬಾಟುಲಿಸಂ ವಿಷದ ಬ್ಯಾಕ್ಟೀರಿಯಾವನ್ನು ತಡೆಯುವುದು ನೈಟ್ರೈಟ್. ಬೇಕನ್‌ನ ಕೆಂಪು ಛಾಯೆಗೂ ವಿಶಿಷ್ಟ ರುಚಿಗೂ ಅದೇ ಕಾರಣ. ಹೆಚ್ಚಾದರೆ ಅದೇ ವಿಷ. ಚಮಚದಲ್ಲಿ ಅಂದಾಜು ಹಾಕಬೇಡಿ, ಗ್ರಾಂ ತಕ್ಕಡಿಯಲ್ಲೇ ತೂಗಿ. ಹಚ್ಚಿದ ಮಾಂಸವನ್ನು ಚೀಲದಲ್ಲಿ ಮುಚ್ಚಿ ಒಂದು ವಾರ ಫ್ರಿಜ್‌ನಲ್ಲಿಟ್ಟು ದಿನಕ್ಕೊಮ್ಮೆ ಮಗುಚಬೇಕು. ಆಮೇಲೆ ತೊಳೆದು, ಒರೆಸಿ, ಒಳಗಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಮೆಲ್ಲಗೆ ಹೊಗೆಗೆ ಹಿಡಿಯಬೇಕು. ಅಮೆರಿಕದಲ್ಲಿ ಹಿಕರಿ, ಸೇಬು, ಮೇಪಲ್ ಮರದ ಹೊಗೆ. ಮಳೆ ಬಿಡದ ಕೊಡಗಿನಲ್ಲೂ ಹಿಂದೆ ಉಪ್ಪು ಸವರಿದ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಿದ್ದರು. ಹೊಗೆಯ ಈ ಉಪಾಯ ಆ ನೆಲಕ್ಕೆ ಹೊಸತಲ್ಲ.

ಇಷ್ಟೆಲ್ಲ ಬೇಡವೆಂದರೆ ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ ಬೇಕನ್ ತನ್ನಿ. ತೀರಾ ತೆಳುವಾಗಿ ಕತ್ತರಿಸಿದ್ದು ಬೇಡ. ಮೇಲಿನ ಸಿಹಿ ಪಾಕವಾಗುವ ಮೊದಲೇ ಪಟ್ಟಿ ಸೀಯುತ್ತದೆ. ನಾಲ್ಕೈದು ಮಿಲಿಮೀಟರ್ ದಪ್ಪ ಕತ್ತರಿಸಿಕೊಡಲು ಕೇಳಿ.

ಕಂದು ಸಕ್ಕರೆಯೆಂದರೆ ಕಾಕಂಬಿ ಬೆರೆತ ಸಕ್ಕರೆ. ಮಂಡ್ಯದ ಬೆಲ್ಲ ಸಿಗುವಾಗ ಆ ಸಕ್ಕರೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬೆಲ್ಲದ ಆಳವಾದ ರುಚಿಯೇ ಹಂದಿಯ ಕೊಬ್ಬಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ. ಓವನ್‌ನ ಬಿಸಿ ಸಕ್ಕರೆಗೆ 175 ಡಿಗ್ರಿ ಸೆಲ್ಸಿಯಸ್ ಆದರೆ ಬೆಲ್ಲಕ್ಕೆ 165 ಸಾಕು. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಒಳ್ಳೆಯ ಬಣ್ಣ ಕೊಡುತ್ತದೆ, ಉರಿ ಕಡಿಮೆ. ಉರಿ ಬೇಕಾದವರು ಒಂದು ಚಿಟಿಕೆ ಗುಂಟೂರು ಪುಡಿ ಬೆರೆಸಿಕೊಳ್ಳಲಿ. ಮೆಣಸಿನ ಖಾರ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಸ್ವಲ್ಪ ಹಾಕಿದರೂ ಪಟ್ಟಿಯ ತುಂಬ ಹರಡುತ್ತದೆ.

ಕಾಲು ಕಿಲೋ ಬೇಕನ್‌ಗೆ 50 ಗ್ರಾಂ ಬೆಲ್ಲದ ಪುಡಿ, ಅರ್ಧ ಚಮಚ ಖಾರದ ಪುಡಿ, ಒಂದು ಚಮಚ ತರಿತರಿಯಾಗಿ ಕುಟ್ಟಿದ ಕರಿಮೆಣಸು. ಉಪ್ಪು ಬೇಡವೇ ಬೇಡ. ಅಗಲದ ಟ್ರೇಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಮೇಲೆ ಜಾಲರಿಯಿಟ್ಟು ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಬಹಳ ಮಂದಿ ಮೊದಲೇ ಸಿಹಿ ಹಚ್ಚಿಬಿಡುತ್ತಾರೆ. ಹಾಗೆ ಮಾಡಿದರೆ ಮಾಂಸದ ನೀರು ಹೊರಬಂದು ಬೆಲ್ಲವನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಮೊದಲು ಬರೀ ಬೇಕನ್ ಅನ್ನು ಓವನ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ನೀರು ಆರಿ ಕೊಬ್ಬು ಕರಗತೊಡಗಿದಾಗ ಟ್ರೇ ಹೊರತೆಗೆದು ಎರಡೂ ಬದಿಗೆ ಬೆಲ್ಲದ ಮಿಶ್ರಣ ಒತ್ತಿ. ಮತ್ತೆ ಹದಿನೈದರಿಂದ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ಮಗುಚಿ. ಬೆಲ್ಲ ನೊರೆನೊರೆಯಾಗಿ ಕುದಿದು, ಗುಳ್ಳೆ ಸಣ್ಣದಾಗುತ್ತ ಬಂದಾಗ ತೆಗೆಯುವ ಹೊತ್ತು. ಆಗ ಪಟ್ಟಿ ಮೆತ್ತಗೇ ಇರುತ್ತದೆ. ಗಟ್ಟಿಯಾಗಲೆಂದು ಇನ್ನೂ ಕಾಯಿಸಿದರೆ ಕಹಿ. ಚಿಕ್ಕಿಯ ಪಾಕದಂತೆ ಇದೂ ಆರಿದ ಮೇಲೆಯೇ ಗರಿಯಾಗುವುದು. ಆರಲು ಜಾಲರಿ ಅಥವಾ ಬೆಣ್ಣೆ ಕಾಗದದ ಮೇಲಿಡಿ. ಟಿಶ್ಯೂ ಕಾಗದ ಅಂಟಿಕೊಂಡು ಬರುತ್ತದೆ. ಕೊಡಗಿನ ಕಾಚಂಪುಳಿ ಮನೆಯಲ್ಲಿದ್ದರೆ ಬೆಲ್ಲಕ್ಕೆ ನಾಲ್ಕು ಹನಿ ಬೆರೆಸಿ ನೋಡಿ. ಆ ಹುಳಿ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ.

ತಿನ್ನುವ ಪ್ರಮಾಣದ ಬಗ್ಗೆ ಮಾತ್ರ ರಿಯಾಯಿತಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇಕಡ 18ರಷ್ಟು ಏರುತ್ತದೆಂಬುದು ಅದರ ಲೆಕ್ಕ. ನೈಟ್ರೈಟ್ ಇರುವ ಮಾಂಸವನ್ನು ಹೆಚ್ಚಿನ ಬಿಸಿಯಲ್ಲಿ ಕರಿದಾಗ ನೈಟ್ರೊಸಮೀನ್ ಎಂಬ ಹಾನಿಕಾರಕ ವಸ್ತು ಹುಟ್ಟುತ್ತದೆ. ಓವನ್‌ನ ಬಿಸಿ ಹದದಲ್ಲಿರಬೇಕೆನ್ನಲು ಇದೂ ಒಂದು ಕಾರಣ. ಇದು ಹಬ್ಬಕ್ಕೋ ನೆಂಟರು ಬಂದಾಗಲೋ ತಲೆಗೆ ಒಂದೆರಡು ಪಟ್ಟಿ ಬಡಿಸುವ ತಿನಿಸು. ಮುರಿದು ಮೊಟ್ಟೆಯ ಮೇಲೆ ಉದುರಿಸಿದರೆ ಒಂದೇ ಪಟ್ಟಿ ಇಬ್ಬರಿಗೆ ಸಾಕು.

ಟ್ರೇಗೆ ಇಳಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟುತ್ತದೆ. ಸಿಹಿ ಹಚ್ಚುವ ಮೊದಲು ಇಳಿದದ್ದನ್ನು ಸೋಸಿಟ್ಟರೆ ಆಲೂಗಡ್ಡೆ ಹುರಿಯಲು ಬರುತ್ತದೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಹೀರಿ ಪಟ್ಟಿ ಅಂಟಂಟಾಗುತ್ತದೆ, ಆದ್ದರಿಂದ ಮಾಡಿದ ದಿನವೇ ತಿನ್ನಿ. ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದೊಳಗೆ ಮುಗಿಸಿ.