ಪಹಣಿಯ ಹಿಂದಿನ ಶಿಸ್ತು

ನಲ್ಲೂರು ಎಂದರೆ ಒಳ್ಳೆಯ ಊರು. ತಮ್ಮ ಊರು ಒಳ್ಳೆಯದೆಂದು ನಮ್ಮ ಹಿರಿಯರಿಗೆ ಎಲ್ಲೆಡೆಯೂ ತೋರಿದ್ದರಿಂದಲೋ ಏನೋ, ಈ ಹೆಸರಿನ ಊರುಗಳು ಹಲವು. ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ನಲ್ಲೂರಿದೆ. ಅಲ್ಲಿಯ ಹಳೆಯ ಹುಣಿಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಂದಿದೆ. ಕಡಲು ದಾಟಿದರೆ ಶ್ರೀಲಂಕೆಯ ಜಾಫ್ನಾದಲ್ಲಿ ಮತ್ತೊಂದಿದೆ. ಮಾತನಾಡುವವರು ಯಾವ ನಲ್ಲೂರನ್ನು ಕುರಿತು ಹೇಳುತ್ತಿದ್ದಾರೆಂಬುದು ನಮಗೆ ಸಂದರ್ಭದಿಂದ ತಿಳಿಯುತ್ತದೆ. ಗಣಕಯಂತ್ರಕ್ಕೆ ಸಂದರ್ಭವೆಂಬುದಿಲ್ಲ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಆ ಯಂತ್ರದ ಲೆಕ್ಕಪತ್ರಗಳಲ್ಲಿ ಕುತೂಹಲ ಹುಟ್ಟಿದ್ದು ಈ ಕಾರಣದಿಂದಲೇ.

ಹಿಂದೆ ಊರಿನ ಭೂಮಿಯ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಅನಂತರ ಗ್ರಾಮಲೆಕ್ಕಿಗರ ಕೈಗೆ ಬಂದಿತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಿಂದ ಆ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಅವು. ಇಷ್ಟೊಂದು ವಿವರವನ್ನು ಒಪ್ಪವಾಗಿ ಜೋಡಿಸಿಟ್ಟ ಭಂಡಾರಕ್ಕೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು. ಅದನ್ನು ಬಳಸುವ ಕ್ರಮವಿಧಿಗಳನ್ನು ಬರೆಯುವವನು ಪಾಲಿಸಬೇಕಾದ ಶಿಸ್ತುಗಳು ಕೆಲವಿವೆ. ಅವು ಕೇವಲ ಯಂತ್ರದ ಅನುಕೂಲಕ್ಕೆಂದು ಹುಟ್ಟಿದವಲ್ಲ. ಒಬ್ಬನ ಹೊಲ ಇನ್ನೊಬ್ಬನದಾಗದಂತೆ ಕಾಯುವ ಕಟ್ಟುಪಾಡುಗಳು ಅವು.

ಮೊದಲನೆಯದು ಗುರುತಿನ ಶಿಸ್ತು. ಹೆಸರನ್ನು ಗುರುತಾಗಿ ಎಂದಿಗೂ ನಂಬಬಾರದು. ಊರಿಗೆ ಒಂದು ಸಂಖ್ಯೆ, ಹೊಲಕ್ಕೆ ಸರ್ವೆ ನಂಬರು, ಅದರ ತುಂಡಿಗೆ ಹಿಸ್ಸಾ ನಂಬರು. ಇವೆಲ್ಲ ಕೂಡಿದಾಗ ಮಾತ್ರ ಇಡೀ ರಾಜ್ಯದಲ್ಲಿ ಒಂದೇ ಒಂದು ಜಮೀನು ನಿಶ್ಚಿತವಾಗುತ್ತದೆ. ಮನುಷ್ಯರ ಹೆಸರಂತೂ ಇನ್ನೂ ತೊಡಕಿನದು. ಮುನಿಯಪ್ಪ ಎಂದೂ ಮುನಿಅಪ್ಪ ಎಂದೂ ಬರೆದರೆ ನಮಗೆ ಇಬ್ಬರೂ ಒಬ್ಬನೇ. ಯಂತ್ರಕ್ಕೆ ಬೇರೆ ಬೇರೆ. ಇದಕ್ಕಿಂತ ಸೂಕ್ಷ್ಮವಾದ ಒಂದು ತೊಡಕುಂಟು. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊಂಡಪ್ಪ’ ಎಂಬಲ್ಲಿಯ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವಗಳೆಂಬ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಅಕ್ಷರ. ಆದರೆ ಒಂದು ರೀತಿಯಲ್ಲಿ ಬರೆದಿಟ್ಟ ಕೊಂಡಪ್ಪನನ್ನು ಇನ್ನೊಂದು ರೀತಿಯಲ್ಲಿ ಬರೆದು ಹುಡುಕಿದರೆ ಅವನು ಸಿಕ್ಕದೆ ಹೋಗಬಹುದು. ಆದಕಾರಣ ಹೆಸರನ್ನು ಭಂಡಾರಕ್ಕೆ ಸೇರಿಸುವ ಮುನ್ನವೂ ಹುಡುಕುವ ಮುನ್ನವೂ ಒಂದೇ ರೂಪಕ್ಕೆ ತರುವುದು ಕ್ರಮವಿಧಿಕಾರನ ಕರ್ತವ್ಯ.

ಎರಡನೆಯದು, ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡುವುದು. ಒಬ್ಬ ರೈತನಿಗೆ ನಾಲ್ಕು ಸರ್ವೆ ನಂಬರುಗಳಿವೆಯೆನ್ನೋಣ. ನಾಲ್ಕು ಹಾಳೆಗಳಲ್ಲೂ ಅವನ ಹೆಸರು, ತಂದೆಯ ಹೆಸರು, ವಾಸಸ್ಥಳ ಬರೆದರೆ, ತಿದ್ದುವಾಗ ಮೂರರಲ್ಲಿ ತಿದ್ದಿ ಒಂದನ್ನು ಮರೆಯುವುದು ಸಹಜ. ಆಮೇಲೆ ಯಾವುದು ನಿಜ? ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಲೇಖನವೊಂದು ಇದಕ್ಕೆ ದಾರಿ ತೋರಿಸಿತು. ಜನರದೊಂದು ಕೋಷ್ಟಕ, ಜಮೀನಿನದೊಂದು ಕೋಷ್ಟಕ, ಯಾರಿಗೆ ಯಾವುದು ಎಷ್ಟು ಎಂಬುದಕ್ಕೆ ಮೂರನೆಯದು. ಇವುಗಳ ನಡುವೆ ಸಂಖ್ಯೆಗಳ ಸಂಬಂಧ. ಹೆಸರನ್ನು ಒಂದು ಕಡೆ ತಿದ್ದಿದರೆ ಸಾಕು, ನಾಲ್ಕು ಪಹಣಿಗಳಲ್ಲೂ ತಿದ್ದಿದ ಹೆಸರೇ ಅಚ್ಚಾಗುತ್ತದೆ.

ಮೂರನೆಯದು, ವ್ಯವಹಾರ ಪೂರ್ತಿಯಾಗಬೇಕು, ಇಲ್ಲವೇ ನಡೆದೇ ಇಲ್ಲವೆಂಬಂತಿರಬೇಕು. 2 ಎಕರೆ 10 ಗುಂಟೆಯುಳ್ಳವನು 20 ಗುಂಟೆ ಮಾರಿದನೆನ್ನೋಣ. ಅವನ ಲೆಕ್ಕದಲ್ಲಿ 1 ಎಕರೆ 30 ಗುಂಟೆ ಉಳಿಯಬೇಕು, ಕೊಂಡವನ ಲೆಕ್ಕಕ್ಕೆ 20 ಗುಂಟೆ ಸೇರಬೇಕು. ಕಳೆಯುವ ಕೆಲಸ ಮುಗಿದು ಕೂಡಿಸುವ ಮುನ್ನ ವಿದ್ಯುತ್ತು ನಿಂತರೆ? 20 ಗುಂಟೆ ಭೂಮಿ ಯಾರದೂ ಅಲ್ಲದೆ ಮಾಯವಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಅಂಗಡಿಯವರಿಗೆ ಹೊಸದೆನಿಸಲಾರದು. ಅವರು ಮೊದಲು ದಿನದ ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರೆ. ದತ್ತಸಂಚಯವೂ ಮಾಡಲಿರುವುದನ್ನು ಮೊದಲು ತನ್ನದೊಂದು ಕಿರ್ದಿಯಲ್ಲಿ ಬರೆದುಕೊಳ್ಳುತ್ತದೆ. ವಿದ್ಯುತ್ತು ಮರಳಿದಾಗ ಅದನ್ನು ಓದಿ, ‘ಮುಗಿಯಿತು’ ಎಂಬ ಗುರುತು ಬಿದ್ದ ವ್ಯವಹಾರಗಳನ್ನು ಪೂರ್ಣಗೊಳಿಸಿ, ಅರ್ಧಕ್ಕೆ ನಿಂತವನ್ನು ಅಳಿಸಿಹಾಕುತ್ತದೆ. ಆದರೆ ಕಳೆಯುವುದೂ ಕೂಡಿಸುವುದೂ ಸೇರಿ ಒಂದೇ ವ್ಯವಹಾರವೆಂದು ಹೇಳಿಕೊಡಬೇಕಾದವನು ಕ್ರಮವಿಧಿಕಾರನೇ. ಯಂತ್ರ ತಾನಾಗಿ ಅದನ್ನು ಊಹಿಸಲಾರದು.

ನಾಲ್ಕನೆಯದು ಸರದಿಯ ಶಿಸ್ತು. ಅದೇ ಜಮೀನಿನ ಎರಡು ಅರ್ಜಿಗಳು ಎರಡು ಮೇಜುಗಳಲ್ಲಿ ಒಂದೇ ಗಳಿಗೆಯಲ್ಲಿ ತೆರೆದಿವೆ. ಇಬ್ಬರೂ 90 ಗುಂಟೆ ಇದೆಯೆಂದು ಓದುತ್ತಾರೆ. ಒಬ್ಬ 20 ಕಳೆದು 70 ಎಂದೂ, ಇನ್ನೊಬ್ಬ 30 ಕಳೆದು 60 ಎಂದೂ ಬರೆಯುತ್ತಾನೆ. ಕೊನೆಗೆ ಬರೆದದ್ದೇ ಉಳಿಯುತ್ತದೆ. ನಿಜವಾಗಿ ಉಳಿಯಬೇಕಾದದ್ದು 40. ಆದ್ದರಿಂದ ಒಬ್ಬನ ಕೆಲಸ ಮುಗಿಯುವತನಕ ಆ ದಾಖಲೆಗೆ ಬೀಗ ಬಿದ್ದಿರಬೇಕು. ‘ಭೂಮಿ’ ಯೋಜನೆಯಲ್ಲಿ ಈ ಸರದಿಯ ವಿಚಾರ ಕಚೇರಿಯ ನಡೆಗೂ ವಿಸ್ತರಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ಕೈಗೆತ್ತಿಕೊಳ್ಳಬೇಕೆಂದು ಕ್ರಮವಿಧಿಯಲ್ಲೇ ವಿಧಿಸಲಾಯಿತು. ತಿದ್ದುವ ನೌಕರನ ಬೆರಳಚ್ಚು ಪಡೆಯುವ ಏರ್ಪಾಡೂ ಆಯಿತು. ಯಾರು ತಿದ್ದಿದರು ಎಂಬ ಪ್ರಶ್ನೆಗೆ ಉತ್ತರ ಉಳಿಯುವಂತಾಯಿತು.

ಇಷ್ಟೆಲ್ಲ ಇದ್ದರೂ ಒಂದು ಮಾತನ್ನು ಮರೆಯುವಂತಿಲ್ಲ. ಹಿಸ್ಸೆಗಳ ಮೊತ್ತ ಒಟ್ಟು ವಿಸ್ತೀರ್ಣವನ್ನು ಮೀರದಂತೆ ಯಂತ್ರ ತಡೆಯಬಲ್ಲದು. ತಂದೆಯ ಹೆಸರು ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡದಿರಬಲ್ಲದು. ಬರೆದ ಹೆಸರು ನಿಜವಾದ ಒಡೆಯನದೇ ಎಂದು ಅದು ಹೇಳಲಾರದು. ಹಳೆಯ ಪುಸ್ತಕದ ತಪ್ಪನ್ನು ಹಾಗೆಯೇ ಏರಿಸಿದರೆ ಅದು ಅಂದವಾಗಿ ಅಚ್ಚಾಗಿ ಹೊರಬರುತ್ತದೆ. ಅಚ್ಚಾದ ತಪ್ಪಿಗೆ ಕೈಬರಹದ ತಪ್ಪಿಗಿಂತ ಗೌರವ ಹೆಚ್ಚು. ಖಾತೆ ಬದಲಾವಣೆಗೆ ಮುನ್ನ ತಕರಾರು ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿರುವುದರ ವಿವೇಕ ಇಲ್ಲಿದೆ. ಯಂತ್ರಕ್ಕೆ ಗೊತ್ತಿಲ್ಲದ್ದು ಪಕ್ಕದ ಹೊಲದವನಿಗೆ ಗೊತ್ತಿರುತ್ತದೆ.

ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ದೇವನಹಳ್ಳಿಯ ಸೀಮೆಯಲ್ಲಿ ಗುಂಟೆಯ ಬೆಲೆ ಎಂಥದೆಂಬುದನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಒಂದು ಕುಟುಂಬದ ಬಾಳಿನ ವ್ಯತ್ಯಾಸವಾದೀತು. ಇಂಥ ಕ್ರಮವಿಧಿಗಳನ್ನು ಬರೆಯುವ ತರುಣರು ಯಂತ್ರದ ಭಾಷೆಯಷ್ಟೇ ಶ್ರದ್ಧೆಯಿಂದ ‘ಬಿನ್’ ಎಂದರೇನು, ‘ಕೋಂ’ ಎಂದರೇನು, ಪೌತಿ ಖಾತೆ ಹೇಗಾಗುತ್ತದೆ ಎಂಬುದನ್ನೂ ಕಲಿಯಬೇಕು. ನಾವಾದರೋ ನಮ್ಮ ಪಹಣಿಯನ್ನು ಪೆಟ್ಟಿಗೆಯಲ್ಲಿಡುವ ಮುನ್ನ ಒಮ್ಮೆ ಅಕ್ಷರ ಬಿಡದೆ ಓದಿಕೊಳ್ಳಬೇಕು.