ಟೋ ಬಾರ್‌ನ ಪರೀಕ್ಷೆ ಬ್ರೇಕ್ ಒತ್ತಿದಾಗ

ಅಮೆರಿಕದ ಸೇನೆ ಕೈಬಿಟ್ಟ ಲಾರಿಗಳನ್ನು ಹರಾಜಿನಲ್ಲಿ ಕೊಳ್ಳುವವರಲ್ಲಿ ರೈತರಿದ್ದಾರೆ, ಮರ ಸಾಗಿಸುವವರಿದ್ದಾರೆ, ಹಳೆಯ ಮಿಲಿಟರಿ ಗಾಡಿಗಳನ್ನು ಜೋಪಾನ ಮಾಡುವ ಹವ್ಯಾಸಿಗಳಿದ್ದಾರೆ. ಹಳ್ಳಿಗಳ ಸ್ವಯಂಸೇವಕ ಅಗ್ನಿಶಾಮಕ ದಳಗಳಿಗೆ ಸರ್ಕಾರದ ಬೇರೊಂದು ಯೋಜನೆಯಡಿ ಇವೇ ಲಾರಿಗಳು ಸಿಗುತ್ತವೆ. ಬೆನ್ನ ಮೇಲೆ ನೀರಿನ ಟ್ಯಾಂಕ್ ಹೊತ್ತು ಕಾಡ್ಗಿಚ್ಚು ಆರಿಸಲು ಹೋಗುವ ಆರು ಚಕ್ರದ ಹಸಿರು ಲಾರಿ ಅಲ್ಲಿನ ಗ್ರಾಮೀಣ ಭಾಗಗಳಲ್ಲಿ ಅಪರೂಪವೇನಲ್ಲ.

ಹರಾಜಿನ ಗಾಡಿ ಇದ್ದದ್ದು ಇದ್ದ ಹಾಗೆ ಮಾರಾಟವಾಗುತ್ತದೆ. ಬ್ಯಾಟರಿ ಇರಲಿಕ್ಕಿಲ್ಲ, ಬ್ರೇಕ್ ಹಿಡಿಯಲಿಕ್ಕಿಲ್ಲ, ಎಂಜಿನ್ ವರ್ಷಗಟ್ಟಲೆ ತಿರುಗಿರಲಿಕ್ಕಿಲ್ಲ. ಹೇಳಿದ ಗಡುವಿನೊಳಗೆ ಅದನ್ನು ಅಂಗಳದಿಂದ ಹೊರಗೆ ಸಾಗಿಸುವುದು ಕೊಂಡವರ ಹೊಣೆ. ಟ್ರೇಲರ್ ಬಾಡಿಗೆ ಗಾಡಿಯ ಬೆಲೆಯನ್ನೇ ಮುಟ್ಟುವಂತಿದ್ದರೆ ಎರಡು ಗಾಡಿಗಳನ್ನು ಜೋಡಿಸುವ ಉಕ್ಕಿನ ಟೋ ಬಾರ್ ಹಾಕಿ ಎಳೆದೊಯ್ಯುವ ಯೋಚನೆ ಬರುತ್ತದೆ. ಅಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಈ ಬಾರ್ ಎಷ್ಟು ಭಾರ ಎಳೆಯುತ್ತದೆ ಎಂಬುದು. ನಾನು ಆ ಪ್ರಶ್ನೆಯನ್ನು ತಿರುಗಿಸಿ ಹಾಕುತ್ತೇನೆ. ಮುಂದಿನ ಗಾಡಿ ಬ್ರೇಕ್ ಒತ್ತಿದಾಗ ಹಿಂದಿನಿಂದ ನುಗ್ಗಿ ಬರುವ ಭಾರವನ್ನು ಈ ಬಾರ್ ತಡೆಯುತ್ತದೆಯೇ?

ಉದಾಹರಣೆಗೆ ಎಂ35ಎ2 ಲಾರಿಯನ್ನೇ ನೋಡೋಣ. ರಿಯೋ ಕಂಪನಿಯ ವಿನ್ಯಾಸದ ಈ ಲಾರಿಯ ಸಂತತಿ 1950ರ ಸುಮಾರಿಗೆ ಶುರುವಾಗಿ, ವಿಯೆಟ್ನಾಂ ಯುದ್ಧದುದ್ದಕ್ಕೂ ದುಡಿದು, ಹಲವು ದಶಕ ಸೇನೆಯಲ್ಲಿತ್ತು. ಕಚ್ಚಾ ದಾರಿಯಲ್ಲಿ ಎರಡೂವರೆ ಟನ್ ಹೊರುವ ಲೆಕ್ಕದಿಂದ ಸೈನಿಕರು ಅದನ್ನು ‘ಡ್ಯೂಸ್ ಆ್ಯಂಡ್ ಎ ಹಾಫ್’ ಎಂದು ಕರೆದರು. ಖಾಲಿ ಲಾರಿಯ ತೂಕವೇ ಸುಮಾರು 13,000 ಪೌಂಡ್, ಅಂದರೆ ಹತ್ತಿರ ಹತ್ತಿರ 6 ಟನ್.

ಈ 6 ಟನ್ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳಲು ನೂರು ಕಿಲೋ ತೂಕದಷ್ಟು ಎಳೆತ ಸಾಕು. ನೂರು ಮೀಟರಿಗೆ 6 ಮೀಟರ್ ಏರುವ ದಿಬ್ಬ ಬಂದರೆ ಇನ್ನೊಂದು 360 ಕಿಲೋ ಸೇರಿಸಿ. ಒಟ್ಟು ಅರ್ಧ ಟನ್ನೂ ಆಗಲಿಲ್ಲ. ಒಳ್ಳೆಯ ಸರಪಳಿಯೂ ಇಷ್ಟನ್ನು ಎಳೆದೀತು. ಈಗ ಮುಂದಿರುವ ಭಾರೀ ಲಾರಿಯ ಚಾಲಕ ದನ ಅಡ್ಡ ಬಂತೆಂದು ಬಲವಾಗಿ ಬ್ರೇಕ್ ಒತ್ತಿದ, ವೇಗ ಗುರುತ್ವದ ಅರ್ಧದಷ್ಟು ದರದಲ್ಲಿ ಇಳಿಯಿತು ಎಂದುಕೊಳ್ಳಿ. ಹಿಂದಿನ ಲಾರಿಗೆ ಬ್ರೇಕಿಲ್ಲ. ಅದನ್ನು ನಿಲ್ಲಿಸುವ ಕೆಲಸ ಪೂರ್ತಿ ಬಾರ್‌ನ ಮೇಲೆ ಬಿತ್ತು: 3 ಟನ್ನಿನ ಒತ್ತಡ. ಪಿನ್ನುಗಳು ಸಡಿಲವಿದ್ದು ಗಾಡಿ ಗುದ್ದಿಕೊಂಡು ಬಂದರೆ ಆ ಕ್ಷಣದ ಹೊಡೆತ ಇನ್ನೂ ಜೋರು. ಶಿರಾಡಿ ಘಾಟಿಯಲ್ಲಿ ಕೆಟ್ಟ ಲಾರಿಯನ್ನು ಹಗ್ಗದಲ್ಲಿ ಇಳಿಸಲು ಅನುಭವಸ್ಥ ಚಾಲಕ ಒಪ್ಪದಿರುವುದು ಇದಕ್ಕೇ. ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ.

ಒತ್ತಡಕ್ಕೆ ಸಿಕ್ಕ ಉಕ್ಕು ಸಾಮಾನ್ಯವಾಗಿ ಮುರಿಯುವ ಮೊದಲು ಬಾಗುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಎರಡು ತುದಿಯಿಂದ ಒತ್ತಿದರೆ ನಡುವೆ ಬಿಲ್ಲಾಗುವ ಹಾಗೆ. ಅಷ್ಟೇ ದಪ್ಪದ ಪೈಪಿನ ಉದ್ದ ಎರಡು ಪಟ್ಟಾದರೆ ಬಾಗದೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲೇ ಕೊಂಚ ಸೊಟ್ಟಗಾಗಿದ್ದರಂತೂ ಇನ್ನೂ ಬೇಗ ಮಣಿಯುತ್ತದೆ. ಆದ್ದರಿಂದ ಹಳೆಯ ಬಾರ್ ಕೊಳ್ಳುವಾಗ ಅದರ ಎರಡೂ ಪೈಪು ಕಾಲುಗಳಿಗೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದು ನೋಡಬೇಕು. ದಾರಕ್ಕೂ ಪೈಪಿಗೂ ನಡುವೆ ಬೆರಳು ತೂರುವಷ್ಟು ಸಂದು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಬಾಗಿದ್ದನ್ನು ಕಾಯಿಸಿ ನೇರ ಮಾಡಿ ಹೊಸ ಬಣ್ಣ ಬಳಿದಿದ್ದರೆ ಅದೂ ಬೇಡ.

ಸೇನೆಯ ಟೋ ಬಾರ್ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು. ಎರಡು ಕಾಲುಗಳು ಕೆಟ್ಟ ಲಾರಿಯ ಚಾಸಿ ತುದಿಯ ಶ್ಯಾಕಲ್ ಕೊಂಡಿಯ ಜಾಗಕ್ಕೆ ಪಿನ್ನಿನಿಂದ ಕೂರುತ್ತವೆ, ಎರಡೂ ಸೇರುವ ಮೂತಿಯಲ್ಲಿ ದಪ್ಪ ಉಕ್ಕಿನ ಬಳೆಯಿದೆ. ಆ ಬಳೆ ಮುಂದಿನ ಗಾಡಿಯ ಹಿಂಭಾಗದ ಕೊಕ್ಕೆಗೆ, ಅಂದರೆ ಪಿಂಟಲ್ ಹುಕ್ಕಿಗೆ ಬೀಳುತ್ತದೆ. ಕಾಲುಗಳು ಎರಡು ಕಡೆ ಹಿಡಿದಿರುವುದರಿಂದ ಬಾರ್ ಅಕ್ಕಪಕ್ಕ ಓಲಾಡುವುದಿಲ್ಲ. ತಿರುವಿನಲ್ಲಿ ಅದು ಲಾರಿಯ ಮೂತಿಯನ್ನೇ ಪಕ್ಕಕ್ಕೆ ಸೆಳೆಯುತ್ತದೆ, ಮುಂದಿನ ಚಕ್ರಗಳು ತಾವಾಗಿ ತಿರುಗಿ ಹಿಂಬಾಲಿಸುತ್ತವೆ. ಎಂ35ಕ್ಕೆ ಕೀಲಿಯೂ ಇಲ್ಲ, ಸ್ಟಿಯರಿಂಗ್ ಲಾಕೂ ಇಲ್ಲ. ಇಲ್ಲಿ ಅದೊಂದು ಅನುಕೂಲ.

ಅಂಗಡಿಯಲ್ಲಿ ಕಾರುಗಳಿಗೆಂದು ಸಿಗುವ ಸಾಮಾನ್ಯ ಟೋ ಬಾರ್‌ಗಳ ಮಿತಿ 5,000 ಪೌಂಡ್. ಎರಡನ್ನು ಸೇರಿಸಿದರೂ ಖಾಲಿ ಎಂ35ಕ್ಕೆ ಸಾಲದು. ಸೇನೆಯಲ್ಲೇ ಮಧ್ಯಮ ಮತ್ತು ಭಾರೀ ಎಂದು ಬೇರೆ ಬೇರೆ ಬಾರ್‌ಗಳಿವೆ. ಎರಡೂವರೆ ಟನ್ ಆಸುಪಾಸಿನ ಹಮ್‌ವಿಗೆ ಸಾಕಾಗುವುದು, 10 ಟನ್ ತೂಗುವ ಎಂ939 ಸರಣಿಯ ಲಾರಿಗೆ ಸಾಲದು. ಹಸಿರು ಬಣ್ಣ ಕಂಡ ಮಾತ್ರಕ್ಕೆ ನಂಬುವಂತಿಲ್ಲ, ಬಾರ್ ಮೇಲಿನ ಫಲಕ ಓದಬೇಕು. ವಾಹನ ಎಳೆದು ಸಾಗಿಸುವ ವ್ಯವಹಾರಕ್ಕೆ ಅಮೆರಿಕದ ಕೇಂದ್ರ ಸಾರಿಗೆ ನಿಯಮವಿದ್ದು, ಟೋ ಬಾರ್ ಎಳೆತವನ್ನೂ ಒತ್ತಡವನ್ನೂ ತಾಳಬೇಕೆಂದು ಅದು ಹೇಳುತ್ತದೆ. ಫಲಕವೇ ಇಲ್ಲದ, ಗ್ಯಾರೇಜಿನಲ್ಲಿ ಪೈಪು ಬೆಸೆದು ಮಾಡಿದ ಬಾರ್ ಹೊಲದ ಒಳಗೆ ಗಾಡಿ ಸರಿಸಲು ಆಗಬಹುದು, ಹೆದ್ದಾರಿಗೆ ಬೇಡ.

ಪಿನ್ನಿನ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಶ್ಯಾಕಲ್ ಬ್ರಾಕೆಟ್ಟಿನ ಎರಡೂ ಬದಿಗೆ ಬಾರ್‌ನ ಕವಲು ಬಂದು, ಪಿನ್ ಮೂರನ್ನೂ ಹಾದು ಹೋಗಬೇಕು. ಆಗ ಭಾರ ಪಿನ್ನಿನ ಎರಡು ಕಡೆ ಹಂಚಿಹೋಗುತ್ತದೆ. ಒಂದೇ ಬದಿಗೆ ತಗುಲಿಸಿದರೆ ಅದೇ ಪಿನ್ನಿನ ಬಲ ಅರ್ಧಕ್ಕೆ ಇಳಿಯುತ್ತದೆ. ಕವಲಿನ ತೂತಿಗೆ ಬೆರಳು ಹಾಕಿ ಸವರಿ ನೋಡಿ. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರವಾಗಿದ್ದರೆ ಆ ಬಾರ್ ಬಹಳ ಗುದ್ದು ತಿಂದಿದೆ ಎಂದರ್ಥ. ಬಳೆ ಬೆಸುಗೆಯಾದ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ ಬಣ್ಣ ತೆಗೆಸಿ. ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಬೆಸುಗೆಯ ಅಂಚಿಗೇ ಓಡಿದ್ದರೆ ಅದು ಬಿರುಕು. ಬಳೆಯ ಒಳ ಅಳತೆಯನ್ನೂ ನೋಡಬೇಕು: ಸೇನೆಯದು 3 ಇಂಚು, ಪೇಟೆಯಲ್ಲಿ ಎರಡೂವರೆ ಇಂಚಿನದೂ ಸಿಗುತ್ತದೆ. ಹುಕ್ಕಿಗೆ ಹೊಂದದ ಬಳೆ ಪ್ರತಿ ಬ್ರೇಕಿಗೂ ಗುದ್ದುತ್ತದೆ. ಬಾರ್ ಆದಷ್ಟು ಮಟ್ಟಸವಾಗಿಯೂ ಇರಬೇಕು. ಮುಂದಕ್ಕೆ ಏರಿಕೊಂಡು ಹೋದರೆ, ಬ್ರೇಕ್ ಒತ್ತಿದಾಗ ಮುಂದಿನ ಗಾಡಿಯ ಹಿಂಭಾಗವನ್ನೇ ಎತ್ತಿ, ಚಕ್ರದ ಹಿಡಿತ ಕಡಿಮೆ ಮಾಡುತ್ತದೆ.

ಎಳೆಯುವ ಗಾಡಿ ಯಾವುದು ಎಂಬುದನ್ನು ಬಿಟ್ಟು ಬಾರ್ ಆರಿಸುವುದು ಅರ್ಧ ಕೆಲಸ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚೆನ್ನಾಗಿ ಬ್ರೇಕ್ ಹಿಡಿಯುವ 3 ಟನ್ ಪಿಕಪ್ ಒಂಟಿಯಾಗಿದ್ದರೆ ಸುಮಾರು 16 ಮೀಟರಿನಲ್ಲಿ ನಿಲ್ಲುತ್ತದೆ ಎನ್ನೋಣ. ಬ್ರೇಕಿಲ್ಲದ 6 ಟನ್ ಹಿಂದಿದ್ದರೆ ನಿಲ್ಲಲು ಹತ್ತಿರ ಹತ್ತಿರ 50 ಮೀಟರ್ ಬೇಕು. ಅಷ್ಟು ದೂರವೂ ಬಾರ್ ಒಂದು ಟನ್ನಿಗೂ ಮಿಕ್ಕಿ ಅದರ ಬೆನ್ನು ನೂಕುತ್ತಿರುತ್ತದೆ. ನೇರ ರಸ್ತೆಯಾದರೆ ಹೇಗೋ ಆದೀತು, ಒದ್ದೆ ತಿರುವಿನಲ್ಲಿ ಪಿಕಪ್ಪಿನ ಹಿಂಭಾಗ ಪಕ್ಕಕ್ಕೆ ಕಿತ್ತುಕೊಂಡು ಹೋಗುತ್ತದೆ. ಎಂಜಿನ್ನಿಗೆ ಎಳೆಯುವ ಶಕ್ತಿಯಿದೆ ಎಂದು ಪಿಕಪ್ಪನ್ನು ಕಟ್ಟುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಎಳೆಯುವ ಗಾಡಿ ಎಳೆಸಿಕೊಳ್ಳುವುದಕ್ಕಿಂತ ಹಗುರವಿರಬಾರದು. ಸಾಧ್ಯವಿದ್ದಲ್ಲೆಲ್ಲ ಏರ್ ಪೈಪು ಜೋಡಿಸಿ ಹಿಂದಿನ ಗಾಡಿಯ ಬ್ರೇಕೂ ಹಿಡಿಯುವಂತೆ ಮಾಡಬೇಕು. ಎಂ939 ಲಾರಿಯ ಸ್ಥಿತಿ ಇನ್ನೊಂದು ಬಗೆಯದು. ಟ್ಯಾಂಕಿನಲ್ಲಿ ಗಾಳಿ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿದುಬಿಡುತ್ತದೆ. ಗಾಳಿ ಕೊಡದೆ ಎಳೆದರೆ ಚಕ್ರ ತಿರುಗದೆ ಟೈರು ಉಜ್ಜಿ ಸವೆಯುತ್ತದೆ.

ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ದೂರದ ದಾರಿಯಾದರೆ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಚ್ಚಬೇಕು. ಎಂಜಿನ್ ನಿಂತಿದ್ದು ಚಕ್ರಗಳು ಗೇರ್ ಬಾಕ್ಸನ್ನು ತಿರುಗಿಸುತ್ತಿದ್ದರೆ ಎಣ್ಣೆ ತಲುಪಬೇಕಾದಲ್ಲಿ ತಲುಪದೆ ಬೇರಿಂಗ್ ಸುಟ್ಟುಹೋಗುತ್ತವೆ. ಎಂ939ರ ಆಟೊಮ್ಯಾಟಿಕ್ ಗೇರ್ ಬಾಕ್ಸ್‌ನಲ್ಲಿ ಎಣ್ಣೆಯ ಪಂಪು ಓಡುವುದೇ ಎಂಜಿನ್ನಿನಿಂದ. ಬಾರ್ ಕಳಚಿದರೂ ಮೂತಿ ನೆಲಕ್ಕೆ ಕಚ್ಚದಂತೆ ಅದರ ಅಡಿಯಲ್ಲಿ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಯಿಸಬೇಕು. ಮಿಲಿಟರಿ ಗಾಡಿಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. ಎಳೆಯುವುದು ಸಾಮಾನ್ಯ 12 ವೋಲ್ಟಿನ ಗಾಡಿಯಾದರೆ ಹಿಂದಕ್ಕೆ ಬೇರೆಯೇ ದೀಪ ಕಟ್ಟಬೇಕು. ಹೊರಟು ಕೆಲವು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಪಿನ್ನುಗಳ ಕ್ಲಿಪ್ ಸ್ವಸ್ಥಾನದಲ್ಲಿವೆಯೇ ನೋಡಿ, ಪ್ರತಿ ಚಕ್ರದ ಹಬ್ ಬಳಿ ಕೈ ತಂದು ಬಿಸಿ ಪರೀಕ್ಷಿಸಬೇಕು.

ಬ್ರೇಕ್ ಜೋಡಿಸಲಾಗದ ಗಾಡಿ, ಘಟ್ಟದ ದಾರಿ, ನೂರಾರು ಕಿಲೋಮೀಟರ್ ದೂರ, ಇಷ್ಟೂ ಒಟ್ಟಿಗೆ ಬಂದರೆ ಯಾವ ಟೋ ಬಾರನ್ನೂ ಆರಿಸಬೇಡಿ. ಎತ್ತರ ಕಡಿಮೆಯಿರುವ ಲೋಬೆಡ್ ಟ್ರೇಲರ್ ತರಿಸಿ, ಲಾರಿಯನ್ನು ವಿಂಚಿನಿಂದ ಅದರ ಮೇಲೆ ಎಳೆದು ನಾಲ್ಕೂ ಮೂಲೆಗೆ ಸರಪಳಿ ಬಿಗಿಸಿ. ಬಾಡಿಗೆ ದುಬಾರಿಯೇ, ಅದನ್ನು ಹರಾಜು ಕೂಗುವ ಮೊದಲೇ ಲೆಕ್ಕದಲ್ಲಿ ಹಿಡಿದುಕೊಳ್ಳಿ.